ಗರ್ಭಕೋಶ ತೆಗೆಸಿದ ಮೇಲೆ ಊಟ ಯಾವಾಗ ಆರಂಭಿಸಬೇಕು? ಗ್ಯಾಸ್ ಹೋಗುವ ತನಕ ಕಾಯಲೇಬೇಕೇ?

ಪ್ರಶ್ನೆ: ಹಾಸನದ ಸೊಸೆ

ನನ್ನ ಅತ್ತೆಯವರಿಗೆ 52 ವರ್ಷ. ಗರ್ಭಕೋಶದಲ್ಲಿ ದೊಡ್ಡ ಫೈಬ್ರಾಯ್ಡ್ ಗಡ್ಡೆಗಳಿದ್ದು, ಬಹಳ ಕಾಲದಿಂದ ವಿಪರೀತ ರಕ್ತಸ್ರಾವವಾಗಿ ರಕ್ತಹೀನತೆಯೂ ಉಂಟಾಗಿದೆ. ಮುಂದಿನ ವಾರ ಹೊಟ್ಟೆ ತೆರೆದು ಗರ್ಭಕೋಶವನ್ನೂ ಎರಡು ಅಂಡಾಶಯಗಳನ್ನೂ ತೆಗೆಯುವುದೆಂದು ತೀರ್ಮಾನವಾಗಿದೆ. ಅವರಿಗೆ ಸಕ್ಕರೆ ಕಾಯಿಲೆಯಿದ್ದು, ಮಾತ್ರೆಗಳಲ್ಲೇ ಹತೋಟಿಯಲ್ಲಿದೆ, ಇನ್ಸುಲಿನ್ ಇಲ್ಲ.

ಆಪರೇಷನ್ ಬಗ್ಗೆ ಮನೆಯಲ್ಲಿ ಎಲ್ಲರೂ ಒಂದೇ ಮನಸ್ಸಿನಲ್ಲಿದ್ದೇವೆ, ಆದರೆ ಅದರ ನಂತರದ ಊಟದ ವಿಷಯದಲ್ಲಿ ಮಾತ್ರ ಒಬ್ಬೊಬ್ಬರದು ಒಂದೊಂದು ಮಾತು. ದೊಡ್ಡತ್ತೆಯವರಿಗೆ ಬಹಳ ಹಿಂದೆ ಇದೇ ಶಸ್ತ್ರಚಿಕಿತ್ಸೆ ಆದಾಗ, ಗ್ಯಾಸ್ ಹೋಗುವವರೆಗೆ ಒಂದು ಗುಟುಕು ನೀರನ್ನೂ ಕೊಡದೆ ಗ್ಲೂಕೋಸ್ ಬಾಟಲಿಯ ಮೇಲೆಯೇ ಇಟ್ಟಿದ್ದರಂತೆ. ಬಾಯಿ ಒಣಗಿದಾಗ ಒದ್ದೆ ಹತ್ತಿಯಿಂದ ತುಟಿ ಒರೆಸುತ್ತಿದ್ದರೆಂದು ಅವರು ಈಗಲೂ ನೆನೆಯುತ್ತಾರೆ. ನಾದಿನಿಗೆ ಕಳೆದ ವರ್ಷ ಬೆಂಗಳೂರಿನಲ್ಲಿ ಲ್ಯಾಪರೊಸ್ಕೋಪಿ (ಸಣ್ಣ ರಂಧ್ರಗಳಿಂದ ಮಾಡುವ ಶಸ್ತ್ರಚಿಕಿತ್ಸೆ) ಮೂಲಕ ಅಂಡಾಶಯದ ಗಡ್ಡೆ ತೆಗೆದಾಗ ಅದೇ ಸಂಜೆ ಇಡ್ಲಿ ಕೊಟ್ಟಿದ್ದರು. ನಮ್ಮ ವೈದ್ಯರನ್ನು ಕೇಳಿದರೆ “ಆಗ ನೋಡಿಕೊಂಡು ಹೇಳುತ್ತೇವೆ” ಎಂದಷ್ಟೇ ಹೇಳಿದರು. ಹೊರಗೆ ರೋಗಿಗಳ ಸಾಲು ಉದ್ದವಿದ್ದುದರಿಂದ ಮತ್ತೆ ಕೇಳಲು ಸಂಕೋಚವಾಯಿತು.

ಹೊಟ್ಟೆ ತೆರೆದು ಮಾಡುವ ಶಸ್ತ್ರಚಿಕಿತ್ಸೆಯ ನಂತರ ನೀರು ಯಾವಾಗ, ಗಟ್ಟಿ ಆಹಾರ ಯಾವಾಗ ಕೊಡಬಹುದು? ಗ್ಯಾಸ್ ಹೋಗದೆ ಊಟ ಕೊಟ್ಟರೆ ಹೊಟ್ಟೆ ಉಬ್ಬಿ ಹೊಲಿಗೆ ಬಿಚ್ಚಿಕೊಳ್ಳುತ್ತದೆ ಎಂಬುದು ನಿಜವೇ? ಮನೆಯಿಂದ ಏನನ್ನು ಮಾಡಿಕೊಂಡು ಹೋಗುವುದು ಸೂಕ್ತ? ಬದನೆಕಾಯಿ, ಆಲೂಗಡ್ಡೆ, ಮೊಟ್ಟೆ ಎಲ್ಲವೂ ನಂಜು, ಮೂರು ತಿಂಗಳು ಮುಟ್ಟಿಸಬಾರದೆಂದು ದೊಡ್ಡತ್ತೆಯವರು ಈಗಾಗಲೇ ಪಟ್ಟಿ ಹೇಳಿದ್ದಾರೆ. ತಿಳಿದವರು ದಯವಿಟ್ಟು ವಿವರವಾಗಿ ತಿಳಿಸಬೇಕಾಗಿ ವಿನಂತಿ.


ಉತ್ತರ: ನಿವೃತ್ತ ಸ್ತ್ರೀರೋಗ ತಜ್ಞೆ

ನಿಮ್ಮ ಮುಖ್ಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಕರುಳಿಗೆ ಕೈ ಹಾಕದೆ ಸರಳವಾಗಿ ಮುಗಿದ ಗರ್ಭಕೋಶದ ಶಸ್ತ್ರಚಿಕಿತ್ಸೆಯಲ್ಲಿ, ಅದು ಹೊಟ್ಟೆ ತೆರೆದು ಮಾಡಿದ್ದೇ ಆಗಿದ್ದರೂ, ಗ್ಯಾಸ್ ಹೋಗುವವರೆಗೆ ಊಟ ತಡೆಯಬೇಕಾದ ಅಗತ್ಯವಿಲ್ಲ. ರೋಗಿಗೆ ಪೂರ್ಣ ಎಚ್ಚರವಾಗಿ, ವಾಕರಿಕೆ ಇಲ್ಲದಿದ್ದರೆ ಕೆಲವು ಗಂಟೆಗಳಲ್ಲೇ ನೀರಿನ ಗುಟುಕು ಆರಂಭಿಸಬಹುದು. ಅದು ವಾಂತಿಯಾಗದೆ ಹೊಟ್ಟೆಯಲ್ಲಿ ಉಳಿದರೆ ಮೃದುವಾದ ಆಹಾರ, ಮತ್ತು ಮೊದಲ 24 ಗಂಟೆಗಳೊಳಗೆ ಹೆಚ್ಚು ಕಡಿಮೆ ಸಾಮಾನ್ಯ ಊಟ. ಆದರೆ ನಿಮ್ಮ ಅತ್ತೆಯವರ ವಿಷಯದಲ್ಲಿ ಅಂತಿಮ ಮಾತು ಒಳಗೆ ಏನಾಯಿತೆಂದು ಕಣ್ಣಾರೆ ಕಂಡ ಶಸ್ತ್ರಚಿಕಿತ್ಸಕರದ್ದೇ ಆಗಿರಬೇಕು.

ಹಳೆಯ ನಿಯಮ ಅಜ್ಞಾನದಿಂದ ಹುಟ್ಟಿದ್ದಲ್ಲ ಎಂಬುದನ್ನೂ ಹೇಳಬೇಕು. ಹೊಟ್ಟೆಯನ್ನು ತೆರೆದು ಕರುಳನ್ನು ಪಕ್ಕಕ್ಕೆ ಸರಿಸಿದಾಗ ಅದರ ಚಲನೆ ಕೆಲಕಾಲ ಮಂದವಾಗುತ್ತದೆ, ಕೆಲವರಲ್ಲಿ ನಿಂತೇ ಹೋಗುತ್ತದೆ. ಇದನ್ನು ಇಲಿಯಸ್ ಎನ್ನುತ್ತೇವೆ. ಸ್ತಬ್ಧವಾದ ಕರುಳಿಗೆ ಆಹಾರ ಹಾಕಿದರೆ ವಾಂತಿಯಾಗುತ್ತದೆ, ಅರೆಎಚ್ಚರದಲ್ಲಿ ವಾಂತಿಯಾದರೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ, ವಾಂತಿಯ ಒತ್ತಡಕ್ಕೆ ಹೊಲಿಗೆಗೂ ಪೆಟ್ಟು ಬೀಳುತ್ತದೆ ಎಂಬ ಭಯ ನಮ್ಮ ಗುರುಗಳಿಗಿತ್ತು. ಆಗಿನ ಅರಿವಳಿಕೆ ಔಷಧಿಗಳಿಂದ ವಾಂತಿಯೂ ಈಗಿಗಿಂತ ಹೆಚ್ಚಾಗಿ ಆಗುತ್ತಿತ್ತು. ಆದ್ದರಿಂದ ಅನೇಕ ಕಡೆ ಮೂಗಿನಿಂದ ಜಠರಕ್ಕೆ ರೈಲ್ಸ್ ಟ್ಯೂಬ್ ಇಳಿಸಿ, ಬೆಳಿಗ್ಗೆ ಸಂಜೆ ಹೊಟ್ಟೆಯ ಮೇಲೆ ಸ್ಟೆತಾಸ್ಕೋಪ್ ಇಟ್ಟು ಕರುಳಿನ ಸದ್ದಿಗಾಗಿ ಕಿವಿಗೊಟ್ಟು, ಗ್ಯಾಸ್ ಹೋಯಿತೇ ಎಂದು ರೌಂಡ್ಸ್‌ನಲ್ಲಿ ಎಲ್ಲರೆದುರು ಕೇಳಿ, ಹೌದೆಂದ ಮೇಲೆಯೇ ಮೊದಲ ಚಮಚ ನೀರು. ಆ ಪ್ರಶ್ನೆಗೆ ಉತ್ತರಿಸಲು ನಾಚಿ ಸೆರಗಿನಲ್ಲಿ ಮುಖ ಮರೆಸಿಕೊಳ್ಳುತ್ತಿದ್ದ ಹೆಂಗಸರಿಗೆ ಅದರಿಂದಲೇ ಇನ್ನೂ ಅರ್ಧ ದಿನದ ಉಪವಾಸ ಹೆಚ್ಚಾಗುತ್ತಿದ್ದುದೂ ಉಂಟು.

ಈ ನಿಯಮದ ಬುಡ ಸಡಿಲವಾದದ್ದು ಕರುಳಿನ ವಿವಿಧ ಭಾಗಗಳು ಬೇರೆ ಬೇರೆ ವೇಗದಲ್ಲಿ ಚೇತರಿಸಿಕೊಳ್ಳುತ್ತವೆ ಎಂಬುದು ತಿಳಿದ ಮೇಲೆ. ಆಹಾರವನ್ನು ಹೀರಿಕೊಳ್ಳುವ ಸಣ್ಣ ಕರುಳು ಶಸ್ತ್ರಚಿಕಿತ್ಸೆಯಾದ ಕೆಲವೇ ಗಂಟೆಗಳಲ್ಲಿ, ಹೆಚ್ಚೆಂದರೆ ಒಂದು ದಿನದಲ್ಲಿ ಕೆಲಸಕ್ಕೆ ಮರಳುತ್ತದೆ. ಜಠರಕ್ಕೆ ಒಂದೆರಡು ದಿನ ಬೇಕಾಗಬಹುದು. ಎಲ್ಲಕ್ಕಿಂತ ತಡವಾಗಿ, ಎರಡು ಮೂರು ದಿನಗಳಿಗೆ, ಏಳುವುದು ದೊಡ್ಡ ಕರುಳು. ಗ್ಯಾಸ್ ಹೋಗುವುದೆಂದರೆ ದೊಡ್ಡ ಕರುಳು ಎದ್ದಿದೆ ಎಂಬ ಸೂಚನೆ. ಅಂದರೆ ನಾವು ಮನೆಯಲ್ಲಿ ಕೊನೆಗೆ ಏಳುವವನು ಎದ್ದ ಮೇಲೆಯೇ ಒಲೆ ಹಚ್ಚುವುದೆಂದು ಕಾಯುತ್ತಿದ್ದೆವು. ಅಲ್ಲದೆ ಬಾಯಿಗೆ ಏನೂ ಕೊಡದಿದ್ದರೂ ಜೊಲ್ಲು, ಜಠರರಸ, ಪಿತ್ತರಸ, ಮೇದೋಜೀರಕ ಗ್ರಂಥಿಯ ರಸ ಎಲ್ಲ ಸೇರಿ ದಿನಕ್ಕೆ ಹಲವು ಲೀಟರ್ ದ್ರವ ಕರುಳಿಗೆ ಇಳಿಯುತ್ತಲೇ ಇರುತ್ತದೆ, ಕರುಳು ಅದನ್ನು ಹೀರಿಕೊಳ್ಳುತ್ತಲೂ ಇರುತ್ತದೆ. ಅಷ್ಟನ್ನು ನಿಭಾಯಿಸುವ ಕರುಳಿಗೆ ಒಂದು ಲೋಟ ತಿಳಿಗಂಜಿ ಹೊರೆಯಾಗಲಾರದು.

ಇದು ಬರಿಯ ತರ್ಕವಲ್ಲ. ಹೊಟ್ಟೆ ತೆರೆದು ಮಾಡುವ ದೊಡ್ಡ ಸ್ತ್ರೀರೋಗ ಶಸ್ತ್ರಚಿಕಿತ್ಸೆಗಳ ಬಗ್ಗೆಯೇ 2014ರಲ್ಲಿ ಬಂದ ಕಾಕ್ರೇನ್ (ವೈದ್ಯಕೀಯ ಪ್ರಯೋಗಗಳನ್ನು ಒಟ್ಟುಗೂಡಿಸಿ ಪರಿಶೀಲಿಸುವ ಸಂಸ್ಥೆ) ಸಮೀಕ್ಷೆಯು ಐದು ಪ್ರಯೋಗಗಳಲ್ಲಿ ಪಾಲ್ಗೊಂಡ 631 ಮಹಿಳೆಯರ ವಿವರಗಳನ್ನು ಒಟ್ಟುಗೂಡಿಸಿ ನೋಡಿತು. 24 ಗಂಟೆಯೊಳಗೆ ತಿನ್ನಲು ಕುಡಿಯಲು ಕೊಟ್ಟವರಲ್ಲಿ ಇಲಿಯಸ್ ಹೆಚ್ಚಾದದ್ದು ಕಾಣಲಿಲ್ಲ; ವಾಂತಿಯಾಗಲಿ ಹೊಟ್ಟೆಯುಬ್ಬರವಾಗಲಿ ಹೆಚ್ಚಾದದ್ದೂ ಕಾಣಲಿಲ್ಲ. ಬದಲಿಗೆ ಅವರಿಗೆ ಗ್ಯಾಸ್ ಸ್ವಲ್ಪ ಬೇಗ ಹೋಗಿತ್ತು, ಸೋಂಕು ಕಡಿಮೆಯಿತ್ತು, ಆಸ್ಪತ್ರೆಯ ವಾಸವೂ ಹತ್ತಿರ ಹತ್ತಿರ ಒಂದು ದಿನ ಕಡಿಮೆಯಾಗಿತ್ತು. ಗ್ಯಾಸ್ ಹೋದ ಮೇಲೆ ಊಟವೆಂಬ ನಮ್ಮ ಕ್ರಮದಲ್ಲಿ ಕಾರಣ ಮತ್ತು ಪರಿಣಾಮಗಳೇ ಅದಲುಬದಲಾಗಿದ್ದವು ಎನ್ನಬೇಕು. ಊಟವೇ ಕರುಳನ್ನು ಎಬ್ಬಿಸುವ ಔಷಧಿಗಳಲ್ಲಿ ಒಂದು.

ಡೆನ್ಮಾರ್ಕಿನ ಶಸ್ತ್ರಚಿಕಿತ್ಸಕ ಹೆನ್ರಿಕ್ ಕೆಲೆಟ್ 1990ರ ದಶಕದಲ್ಲಿ ಆರಂಭಿಸಿದ ತ್ವರಿತ ಚೇತರಿಕೆಯ ಕ್ರಮವನ್ನು ಈಗ ಇರಾಸ್ ಎಂಬ ಹೆಸರಿನಿಂದ ಕರೆಯುತ್ತಾರೆ. ಸ್ತ್ರೀರೋಗ ಕ್ಯಾನ್ಸರ್ ಶಸ್ತ್ರಚಿಕಿತ್ಸೆಗಳಿಗೆಂದು 2016ರಲ್ಲಿ ಬಂದು 2019ರಲ್ಲಿ ಪರಿಷ್ಕೃತವಾದ ಅದರ ಮಾರ್ಗಸೂಚಿಯಲ್ಲೂ ಮೊದಲ 24 ಗಂಟೆಯೊಳಗೆ ಸಾಮಾನ್ಯ ಆಹಾರ ಎಂದೇ ಇದೆ. ನಮ್ಮ ರಾಜ್ಯದ ದೊಡ್ಡ ಆಸ್ಪತ್ರೆಗಳು ಅನೇಕವು ಈ ದಾರಿಗೆ ಬಂದಿವೆ. ಕೆಲವು ಕಡೆ ಹಳೆಯ ಪದ್ಧತಿ ಇನ್ನೂ ಉಳಿದಿದೆ.


ಉತ್ತರ: ವಾರ್ಡಿನ ಸಿಸ್ಟರ್

ಡಾಕ್ಟರ್ ಮೇಡಂ ಬರೆದಿರುವುದು ಸರಿ. ಆದರೆ ಅದನ್ನು ಓದಿದ ಮನೆಯವರು ಶಸ್ತ್ರಚಿಕಿತ್ಸೆಯ ಸಂಜೆಯೇ ಮೂರಂತಸ್ತಿನ ಟಿಫಿನ್ ಕ್ಯಾರಿಯರ್‌ನಲ್ಲಿ ಚಿತ್ರಾನ್ನ ತುಂಬಿಕೊಂಡು ಬರುತ್ತಾರೆಂಬ ಆತಂಕ ನನಗಿದೆ, ಏಕೆಂದರೆ ಅಂತಹವರನ್ನು ಬಾಗಿಲಲ್ಲಿ ತಡೆಯುವುದು ನಮ್ಮ ಪಾಲಿನ ಕೆಲಸವೇ ಆಗಿದೆ. ಬೇಗ ಕೊಡುವುದೆಂದರೆ ಒಮ್ಮೆಲೇ ಕೊಡುವುದಲ್ಲ.

ವಾರ್ಡಿನಲ್ಲಿ ನಾವು ಗಮನಿಸುವುದು ಇಷ್ಟು. ರೋಗಿ ಕರೆದ ತಕ್ಷಣ ಕಣ್ಣು ಬಿಟ್ಟು ಸರಿಯಾಗಿ ಉತ್ತರಿಸಬೇಕು, ರಕ್ತದೊತ್ತಡ ಮತ್ತು ನಾಡಿ ಸ್ಥಿರವಾಗಿರಬೇಕು, ವಾಕರಿಕೆ ಇರಬಾರದು. ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಸೊಂಟದ ಕೆಳಗೆ ಮರಗಟ್ಟಿಸಿದ್ದರೆ ರೋಗಿ ಎಚ್ಚರವಾಗಿಯೇ ಇರುತ್ತಾರೆ. ಪೂರ್ಣ ಅರಿವಳಿಕೆಯಾದರೆ ಮಂಪರು ಹರಿಯಲು ಸ್ವಲ್ಪ ಹೊತ್ತು ಬೇಕು. ಮೊದಲು ಮಂಚದ ತಲೆಯ ಭಾಗವನ್ನು ಎತ್ತಿ, ಚಮಚದಿಂದಲೋ ಸಣ್ಣ ಲೋಟದಿಂದಲೋ ಒಂದೆರಡು ಗುಟುಕು ನೀರು ಕೊಡಬೇಕು. ಮಲಗಿದ್ದವರ ಬಾಯಿಗೆ ಮಾತ್ರ ಯಾವ ಕಾರಣಕ್ಕೂ ನೀರು ಹೊಯ್ಯಬಾರದು. ಅರ್ಧ ಗಂಟೆ ಕಾದು, ಏನೂ ಆಗದಿದ್ದರೆ ಮತ್ತಷ್ಟು. ಆಮೇಲೆ ತಿಳಿಸಾರು, ಗಂಜಿತಿಳಿ, ಎಳನೀರು ಇಂತಹವು. ಮೂತ್ರಪಿಂಡದ ತೊಂದರೆ ಇರುವವರಿಗೆ ಎಳನೀರಿನಲ್ಲಿರುವ ಪೊಟ್ಯಾಸಿಯಂ ಒಳ್ಳೆಯದಲ್ಲ, ಆದ್ದರಿಂದ ಅದನ್ನು ಕೇಳಿಯೇ ಕೊಡಬೇಕು. ಅದು ಒಗ್ಗಿದರೆ ಒಂದು ಇಡ್ಲಿ ಅಥವಾ ಮೆತ್ತಗೆ ಬೆಂದ ಅನ್ನಕ್ಕೆ ಬೇಳೆಕಟ್ಟು. ಯಾವ ಹಂತದಲ್ಲಾದರೂ ರೋಗಿಯೇ ಸಾಕೆಂದರೆ ಅಲ್ಲಿಗೇ ನಿಲ್ಲಿಸಬೇಕು. “ಇನ್ನೊಂದು ತುತ್ತು, ನನಗಾಗಿ” ಎಂದು ಒತ್ತಾಯಿಸುವ ಅಕ್ಕತಂಗಿಯರಿಂದಲೇ ನಮ್ಮಲ್ಲಿ ಹೆಚ್ಚು ವಾಂತಿಗಳಾಗುವುದು.

ವಾಂತಿಯಾದರೂ ಕೂಡಲೇ ಊಟದ ತಪ್ಪೆಂದು ತೀರ್ಮಾನಿಸಬೇಡಿ. ನೋವಿಗೆ ಕೊಡುವ ಟ್ರಮಡಾಲ್ ಇಂಜೆಕ್ಷನ್ನಿನಿಂದ ಎಷ್ಟೋ ಜನರಿಗೆ ತಲೆಸುತ್ತು, ವಾಕರಿಕೆ ಬರುತ್ತದೆ. ಅದನ್ನು ಸಿಸ್ಟರ್‌ಗೆ ತಿಳಿಸಿದರೆ ಡ್ಯೂಟಿ ಡಾಕ್ಟರ್ ಬದಲಿ ಔಷಧಿ ಬರೆಯುತ್ತಾರೆ, ವಾಂತಿ ನಿಲ್ಲುವ ಇಂಜೆಕ್ಷನ್ ಕೊಡುತ್ತಾರೆ. ಅಫೀಮಿನ ವರ್ಗಕ್ಕೆ ಸೇರಿದ ನೋವುನಿವಾರಕಗಳು ಕರುಳನ್ನೂ ನಿಧಾನಗೊಳಿಸುತ್ತವೆ. ಆದ್ದರಿಂದ ಈಗ ಅನೇಕ ಕಡೆ ಪ್ಯಾರಾಸಿಟಮಾಲ್ ಮತ್ತಿತರ ಔಷಧಿಗಳನ್ನು ಮುಂದಿಟ್ಟು, ಅಫೀಮಿನ ವರ್ಗದವನ್ನು ಎಷ್ಟು ಕಡಿಮೆ ಸಾಧ್ಯವೋ ಅಷ್ಟು ಕಡಿಮೆ ಬಳಸುತ್ತಾರೆ.

ಇನ್ನು ನಡೆದಾಡುವುದು. ಮನೆಯವರು ಗ್ಯಾಸ್ ಹೋಗಲಿಲ್ಲವೆಂದು ಊಟ ನಿಲ್ಲಿಸಿ, ರೋಗಿಯನ್ನು ಅಲುಗಾಡದಂತೆ ಮಲಗಿಸುತ್ತಾರೆ. ಮಾಡಬೇಕಾದದ್ದು ಇದರ ವಿರುದ್ಧ. ವೈದ್ಯರು ಅನುಮತಿಸಿದ ಕೂಡಲೇ ಹೊಟ್ಟೆಗೆ ದಿಂಬು ಒತ್ತಿ ಹಿಡಿದು ಎದ್ದು ಕೂರಿಸಿ, ಇಬ್ಬರು ಆಸರೆಯಾಗಿ ನಿಂತು ನಾಲ್ಕು ಹೆಜ್ಜೆ ಹಾಕಿಸಿದರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವೂ ಕಡಿಮೆಯಾಗುತ್ತದೆ. ಚ್ಯೂಯಿಂಗ್ ಗಮ್ ಅಗಿಯಲು ಹೇಳಿದರೆ ಅಜ್ಜಿಯಂದಿರು ನಗುತ್ತಾರೆ, ಆದರೆ ಅದಕ್ಕೂ ಆಧಾರವಿದೆ: ಬಾಯಿ ಅಗಿಯುತ್ತಿದ್ದರೆ ಊಟ ಬರುತ್ತಿದೆಯೆಂದು ನರಗಳ ಮೂಲಕ ಕರುಳಿಗೆ ಸೂಚನೆ ಹೋಗಿ ಅದು ಚಲಿಸಲಾರಂಭಿಸುತ್ತದೆ. ಅರೆನಿದ್ರೆಯಲ್ಲಿರುವವರಿಗೂ, ಸಡಿಲ ಹಲ್ಲಿನ ಸೆಟ್ ಇರುವವರಿಗೂ ಅದು ಬೇಡ.


ಪ್ರತಿಕ್ರಿಯೆ: ಕರಾವಳಿಯ ಮಗ

ನಾನು ವೈದ್ಯನಲ್ಲ, ಆದರೂ ಒಂದು ಎಚ್ಚರಿಕೆಯ ಮಾತು ಸೇರಿಸಬೇಕೆನಿಸಿತು. ನನ್ನ ಅಮ್ಮನಿಗೆ ಅಂಡಾಶಯದ ಕ್ಯಾನ್ಸರ್‌ಗೆ ದೊಡ್ಡ ಶಸ್ತ್ರಚಿಕಿತ್ಸೆಯಾಗಿ, ಗಡ್ಡೆ ಅಂಟಿಕೊಂಡಿದ್ದ ಕರುಳಿನ ಒಂದು ತುಂಡನ್ನೂ ತೆಗೆದು ಜೋಡಿಸಿದ್ದರು. ಪಕ್ಕದ ಮಂಚದಲ್ಲಿ ಗರ್ಭಕೋಶ ಮಾತ್ರ ತೆಗೆಸಿದ್ದವರು ಮರುದಿನವೇ ಕುಚ್ಚಲಕ್ಕಿ ಗಂಜಿ ಉಣ್ಣುತ್ತಿದ್ದರೆ ಅಮ್ಮನಿಗೆ ಗುಟುಕು ನೀರಷ್ಟೇ. ನಾವು ಸಿಸ್ಟರ್ ಜೊತೆ ವಾದಕ್ಕಿಳಿದಿದ್ದೆವು. ಆಮೇಲೆ ಶಸ್ತ್ರಚಿಕಿತ್ಸಕರು ಬಂದು, ಒಳಗೆ ಹೊಲಿಗೆ ಹಾಕಿದ ಕರುಳಿನ ಜಾಗವನ್ನೂ ಅಮ್ಮನ ಹೊಟ್ಟೆ ಉಬ್ಬಿದ್ದನ್ನೂ ವಿವರಿಸಿದಾಗ ವಿಷಯ ಅರ್ಥವಾಯಿತು. ಆದ್ದರಿಂದ ಪಕ್ಕದ ಮಂಚವನ್ನು ನೋಡಿ ಊಟ ನಿರ್ಧರಿಸುವಂತಿಲ್ಲ.

ಮೇಡಂ ಅವರಲ್ಲಿ ಒಂದು ಪ್ರಶ್ನೆ: ಕರುಳನ್ನು ಕತ್ತರಿಸಿ ಜೋಡಿಸಿದವರಿಗೆ ಹಳೆಯ ನಿಯಮವೇ ಅನ್ವಯವಾಗುತ್ತದೆಯೇ? ಮತ್ತು ಕಾಫಿ ಕುಡಿದರೆ ಕರುಳು ಬೇಗ ಚಲಿಸುತ್ತದೆಂದು ಕೇಳಿದ್ದೇನೆ, ಅದು ನಿಜವೇ?


ಉತ್ತರ: ನಿವೃತ್ತ ಸ್ತ್ರೀರೋಗ ತಜ್ಞೆ

ಒಳ್ಳೆಯ ಪ್ರಶ್ನೆ. ಕರುಳನ್ನು ಜೋಡಿಸಿದ ರೋಗಿಗಳಿಗೂ ಈಗ ಮೊದಲಿನಷ್ಟು ದಿನ ಉಪವಾಸ ಹಾಕುವುದಿಲ್ಲ. ಕೆಲೆಟ್ ಅವರ ಕ್ರಮ ಮೊದಲು ಹೆಸರಾದದ್ದೇ ದೊಡ್ಡ ಕರುಳಿನ ಶಸ್ತ್ರಚಿಕಿತ್ಸೆಯಲ್ಲಿ. ಆದರೂ ಅಲ್ಲಿ ಜೋಡಣೆ ಎಲ್ಲಿದೆ, ಎಷ್ಟು ಭದ್ರವಾಗಿದೆ, ರೋಗಿಯ ಪೌಷ್ಟಿಕತೆ ಹೇಗಿದೆ, ಹೊಟ್ಟೆಯಲ್ಲಿ ನೀರು ತುಂಬಿತ್ತೇ ಎಂಬುದನ್ನೆಲ್ಲ ತೂಗಿ ಶಸ್ತ್ರಚಿಕಿತ್ಸಕರು ನಿರ್ಧರಿಸುತ್ತಾರೆ. ಮನೆಯವರು ವೈದ್ಯರನ್ನು “ಊಟ ಯಾವಾಗ?” ಎಂದು ಕೇಳುವ ಬದಲು “ಕರುಳಿಗೆ ಏನಾದರೂ ಹೊಲಿಗೆ ಬಿದ್ದಿದೆಯೇ?” ಎಂದು ಕೇಳಿದರೆ, ಹೆಚ್ಚು ಸ್ಪಷ್ಟವಾದ ಉತ್ತರ ಸಿಗುತ್ತದೆ. ಹಿಂದೆ ಸಿಸೇರಿಯನ್ ಆಗಿದ್ದವರಲ್ಲಿ, ಎಂಡೊಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂತಹ ಅಂಗಾಂಶ ಅದರ ಹೊರಗೆ ಬೆಳೆಯುವ ಕಾಯಿಲೆ) ಇರುವವರಲ್ಲಿ ಕರುಳು ಗರ್ಭಕೋಶಕ್ಕೆ ಅಂಟಿಕೊಂಡಿದ್ದು, ಬಿಡಿಸುವಾಗ ಗಾಯವಾಗುವುದುಂಟು. ಅಂತಹ ಗಾಯವನ್ನು ಹೊಲಿದಿದ್ದರೆ ಅದು ಸರಳ ಪ್ರಕರಣವಾಗಿ ಉಳಿಯುವುದಿಲ್ಲ.

ಇನ್ನೊಂದು ತುದಿಯಲ್ಲಿ, ಯೋನಿಮಾರ್ಗದಿಂದ ಗರ್ಭಕೋಶ ತೆಗೆದಾಗ ಕರುಳನ್ನು ಹೆಚ್ಚಾಗಿ ಮುಟ್ಟುವುದೇ ಇಲ್ಲ. ಅವರು ಸಂಜೆಯೇ ಊಟ ಮಾಡಬಹುದು. ಲ್ಯಾಪರೊಸ್ಕೋಪಿಯಲ್ಲೂ ಹಾಗೆಯೇ. ಆದರೆ ಅಲ್ಲಿ ಬೇರೊಂದು ಗೊಂದಲವಿದೆ. ಲ್ಯಾಪರೊಸ್ಕೋಪಿಯಲ್ಲಿ ಹೊಟ್ಟೆಯೊಳಗೆ ಇಂಗಾಲದ ಡೈಆಕ್ಸೈಡ್ ತುಂಬುತ್ತೇವೆ. ಅದರಲ್ಲಿ ಉಳಿದಷ್ಟು ವಪೆಯನ್ನು (ಎದೆ ಮತ್ತು ಹೊಟ್ಟೆಯ ನಡುವಿನ ಸ್ನಾಯುಪರದೆ) ಕೆರಳಿಸಿ ಭುಜದ ಮೇಲೆ ನೋವು ತರುತ್ತದೆ. “ಗ್ಯಾಸ್ ನೋವು” ಎಂದು ನಾವೇ ಹೇಳುವುದರಿಂದ ರೋಗಿಗಳು ಅದನ್ನು ಕರುಳಿನ ಗ್ಯಾಸ್ ಎಂದು ತಿಳಿದು ಊಟ ಬಿಡುತ್ತಾರೆ. ಆ ಅನಿಲ ಇರುವುದು ಕರುಳಿನ ಹೊರಗೆ. ಅದು ಹೂಸಿನ ಮೂಲಕ ಹೋಗುವಂತಹದ್ದಲ್ಲ, ರಕ್ತದಲ್ಲಿ ಕರಗಿ ಉಸಿರಿನಲ್ಲಿ ಹೊರಹೋಗುತ್ತದೆ; ಅದಕ್ಕೂ ಊಟಕ್ಕೂ ಸಂಬಂಧವಿಲ್ಲ.

ಕಾಫಿಯ ವಿಷಯ: ಟರ್ಕಿಯಲ್ಲಿ ಸ್ತ್ರೀರೋಗ ಕ್ಯಾನ್ಸರ್ ಶಸ್ತ್ರಚಿಕಿತ್ಸೆಯಾದವರ ಮೇಲೆ ನಡೆಸಿ 2017ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ದಿನಕ್ಕೆ ಮೂರು ಸಲ ಕಾಫಿ ಕುಡಿದವರಿಗೆ ಗ್ಯಾಸ್ ಬೇಗ ಹೋಗಿ ಊಟವೂ ಬೇಗ ಒಗ್ಗಿತು. ನಮ್ಮ ಕಡೆಯವರಿಗೆ ಇದು ಸಂತೋಷದ ಸುದ್ದಿಯೇ. ಆದರೆ ಗಟ್ಟಿ ಹಾಲು, ಎರಡು ಚಮಚ ಸಕ್ಕರೆ ಹಾಕಿದ ನಮ್ಮ ಫಿಲ್ಟರ್ ಕಾಫಿಗೆ ಆ ಫಲಿತಾಂಶವನ್ನು ಹಾಗೆಯೇ ಅನ್ವಯಿಸಲಾಗದು. ತೆಳ್ಳಗಿನ ಕಾಫಿಯಿಂದ ಆರಂಭಿಸಿ, ಎದೆಯುರಿ ಇರುವವರು ಬಿಟ್ಟುಬಿಡಿ. ಕಬ್ಬಿಣದ ಮಾತ್ರೆ ನುಂಗುವ ಹೊತ್ತಿಗೆ ಕಾಫಿ, ಚಹಾ ಎರಡೂ ಬೇಡ, ಕಬ್ಬಿಣ ಸರಿಯಾಗಿ ಹೀರಲ್ಪಡುವುದಿಲ್ಲ.

ಹೊಲಿಗೆಯ ಬಗ್ಗೆ ಹಾಸನದವರು ಕೇಳಿದ್ದನ್ನು ಮೊದಲ ಉತ್ತರದಲ್ಲಿ ಬಿಟ್ಟಿದ್ದೆ. ಹೊಲಿಗೆ ಬಿಚ್ಚಿಕೊಳ್ಳಲು ಕಾರಣವಾಗುವುದು ಗಾಯದ ಸೋಂಕು, ಹತೋಟಿ ತಪ್ಪಿದ ಸಕ್ಕರೆ, ನಿಲ್ಲದ ಕೆಮ್ಮು, ಬೊಜ್ಜು ಮತ್ತು ಅಪೌಷ್ಟಿಕತೆ. ಒಂದು ತಟ್ಟೆ ಅನ್ನ ಅದನ್ನು ಬಿಚ್ಚಲಾರದು. ಊಟ ತಪ್ಪಿಸುವುದರಿಂದ ಗಾಯ ಮಾಯುವುದೇ ತಡವಾಗುತ್ತದೆ. ಆದರೆ ಕೆಲವು ಲಕ್ಷಣಗಳನ್ನು ಕಂಡಾಗ ಊಟ ನಿಲ್ಲಿಸಿ ಕೂಡಲೇ ವೈದ್ಯರಿಗೆ ತಿಳಿಸಲೇಬೇಕು: ಮತ್ತೆ ಮತ್ತೆ ಆಗುವ ವಾಂತಿ, ಅದರಲ್ಲೂ ಹಸಿರು ಬಣ್ಣದ ವಾಂತಿ, ಹೊಟ್ಟೆ ತಮಟೆಯಂತೆ ಬಿಗಿಯಾಗಿ ಉಬ್ಬುವುದು, ಕಡಿಮೆಯಾಗುತ್ತಿದ್ದ ನೋವು ಮತ್ತೆ ಏರುವುದು, ಜ್ವರ, ನಾಡಿಯ ವೇಗ ಹೆಚ್ಚುವುದು. ಡಿಸ್ಚಾರ್ಜ್ ಆಗಿ ಮನೆಗೆ ಬಂದ ಮೇಲೆ ಕಾಣಿಸಿಕೊಂಡರೂ ಇದೇ ಮಾತು. “ಗ್ಯಾಸ್ ಇರಬೇಕು” ಎಂದು ಜೀರಿಗೆ ಕಷಾಯ ಕೊಟ್ಟು ರಾತ್ರಿ ಕಳೆಯುವುದು ಅಪಾಯಕಾರಿ.


ಉತ್ತರ: ಪಥ್ಯಾಹಾರ ತಜ್ಞೆ

ನಂಜಿನ ಪಟ್ಟಿಯ ಬಗ್ಗೆ ಎರಡು ಮಾತು ಹೇಳುತ್ತೇನೆ. ಊರೂರಿಗೆ ಆ ಪಟ್ಟಿ ಬದಲಾಗುತ್ತದೆ: ಒಂದು ಕಡೆ ಬದನೆ ನಂಜು, ಇನ್ನೊಂದು ಕಡೆ ಕುಂಬಳ, ಮತ್ತೊಂದು ಕಡೆ ಮೀನು. ಬದನೆಕಾಯಿಯಿಂದಲೋ ಆಲೂಗಡ್ಡೆಯಿಂದಲೋ ಗಾಯ ಕೀವಾಗುತ್ತದೆ ಎಂಬುದಕ್ಕೆ ವೈಜ್ಞಾನಿಕ ಆಧಾರವಿಲ್ಲ. ಯಾವುದಾದರೂ ಆಹಾರಕ್ಕೆ ಮೊದಲಿನಿಂದ ಅಲರ್ಜಿ ಇದ್ದರೆ ಮಾತ್ರ ಅದನ್ನು ಬಿಡಬೇಕು. ದೊಡ್ಡತ್ತೆಯವರ ಮನಸ್ಸು ನೋಯಿಸುವುದೂ ಬೇಕಿಲ್ಲ. ಬದನೆಕಾಯಿ ಬಿಟ್ಟರೆ ನಷ್ಟವೇನೂ ಇಲ್ಲ, ಅದನ್ನು ಅವರಿಗೆ ಬಿಟ್ಟುಕೊಡಿ. ಆದರೆ ಮೊಟ್ಟೆ, ಬೇಳೆ, ಹಾಲು, ಮೊಸರು, ಮಾಂಸಾಹಾರಿಗಳಾದರೆ ಮೀನು ಇವುಗಳನ್ನು ಬಿಟ್ಟುಕೊಡಬೇಡಿ. ಗಾಯ ಕೂಡಲು ಪ್ರೊಟೀನ್ ಬೇಕು, ರಕ್ತಹೀನತೆ ಇರುವವರಿಗಂತೂ ಇನ್ನೂ ಹೆಚ್ಚು ಬೇಕು. ನಮ್ಮ ಮನೆಗಳ ಪಥ್ಯದಲ್ಲಿ ಬೇಡವೆನ್ನುವ ಪದಾರ್ಥಗಳು ಹೆಚ್ಚಾಗಿ ಪ್ರೊಟೀನ್ ಇರುವವೇ ಆಗಿದ್ದು, ಉಳಿಯುವುದು ಅಕ್ಕಿ ಗಂಜಿ ಮತ್ತು ಬ್ರೆಡ್ಡು ಮಾತ್ರ ಎಂಬುದು ನನ್ನ ಬಹುದಿನಗಳ ಆಕ್ಷೇಪ.

ಸಕ್ಕರೆ ಕಾಯಿಲೆ ಇರುವವರಿಗೆ ಗಂಜಿಯಲ್ಲಿ ಇನ್ನೊಂದು ತೊಡಕೂ ಇದೆ. ನುಣ್ಣಗೆ ಬೆಂದ ಅಕ್ಕಿ ಗಂಜಿ, ಸೋಸಿದ ರಾಗಿಯ ಅಂಬಲಿ ಇವೆಲ್ಲ ರಕ್ತದ ಸಕ್ಕರೆಯನ್ನು ಬೇಗ ಏರಿಸುತ್ತವೆ. ಶಸ್ತ್ರಚಿಕಿತ್ಸೆಯ ಒತ್ತಡದಿಂದಲೇ ಸಕ್ಕರೆ ಏರಿರುವ ಸಮಯ ಅದು. ಮೊದಲ ಒಂದೆರಡು ಹೊತ್ತು ಗಂಜಿ ಸರಿ. ಅದು ಒಗ್ಗಿದ ಮೇಲೆ ಹೆಸರುಬೇಳೆ ಹೆಚ್ಚಾಗಿ ಹಾಕಿದ ಮೆತ್ತನೆಯ ಕಿಚಡಿ, ಮೊಸರನ್ನ, ಇಡ್ಲಿಯ ಜೊತೆ ತೊವ್ವೆ, ಬೇಯಿಸಿದ ಮೊಟ್ಟೆ ಇವುಗಳಿಗೆ ಬನ್ನಿ. ಗ್ಲೂಕೋಸ್ ಪುಡಿ ಕಲಸಿದ ನೀರು, ಪೊಟ್ಟಣದ ಹಣ್ಣಿನ ರಸ ಯಾರು ತಂದುಕೊಟ್ಟರೂ ಪಕ್ಕಕ್ಕಿಡಿ.

ಮನೆಗೆ ಬಂದ ಮೇಲಿನ ದೊಡ್ಡ ತೊಂದರೆ ಮಲಬದ್ಧತೆ. ಕಬ್ಬಿಣದ ಮಾತ್ರೆಗಳು ಮಲವನ್ನು ಗಟ್ಟಿಯಾಗಿಸುತ್ತವೆ, ಕಪ್ಪಾಗಿಸುತ್ತವೆ. ವಾಂತಿ ತಡೆಯುವ ಒಂಡಾನ್ಸೆಟ್ರಾನ್ ಸಹ ಮಲ ಕಟ್ಟುತ್ತದೆ. ಸಾಕಷ್ಟು ನೀರು, ಬೇಯಿಸಿದ ತರಕಾರಿ, ಪಪ್ಪಾಯಿ ಹಾಗೂ ಅಗತ್ಯವಿದ್ದರೆ ವೈದ್ಯರು ಬರೆದ ಸಿರಪ್ ಬಳಸಿ. ಮಲ ವಿಸರ್ಜನೆಗೆ ತಿಣುಕುವ ಪರಿಸ್ಥಿತಿ ಬರಬಾರದು. ಕಡಲೆಬೇಳೆ, ಅವರೆಕಾಳು, ಎಲೆಕೋಸು ಮುಂತಾದವು ಹಾನಿಕರವಲ್ಲ, ಆದರೆ ಮೊದಲ ವಾರ ಹೊಟ್ಟೆಯುಬ್ಬರ ತಂದು ಕಿರಿಕಿರಿ ಮಾಡಬಹುದಾದ್ದರಿಂದ ನಿಧಾನವಾಗಿ ಸೇರಿಸಿಕೊಳ್ಳಿ.


ಪ್ರತಿಕ್ರಿಯೆ: ಹಾಸನದ ಸೊಸೆ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಡಾಕ್ಟರ್ ಮೇಡಂ ಹೇಳಿದ ಕರುಳಿನ ಹೊಲಿಗೆಯ ಪ್ರಶ್ನೆಯನ್ನು ಚೀಟಿಯಲ್ಲಿ ಬರೆದಿಟ್ಟುಕೊಂಡಿದ್ದೇನೆ. ಬದನೆಕಾಯಿಯ ಒಪ್ಪಂದಕ್ಕೆ ದೊಡ್ಡತ್ತೆಯವರು ಒಪ್ಪಿದ್ದಾರೆ, ಮೊಟ್ಟೆಯ ಬಗ್ಗೆ ಮಾತುಕತೆ ನಡೆದಿದೆ.

ಇನ್ನೊಂದು ಸಂದೇಹ ಉಳಿದಿದೆ. ಆಸ್ಪತ್ರೆಯಲ್ಲಿ ಹಿಂದಿನ ರಾತ್ರಿ ಹತ್ತು ಗಂಟೆಯಿಂದ ಏನೂ ತಿನ್ನಬಾರದು, ಕುಡಿಯಬಾರದು ಎಂದಿದ್ದಾರೆ. ಶಸ್ತ್ರಚಿಕಿತ್ಸೆ ಮಧ್ಯಾಹ್ನವಾದರೆ ಅಷ್ಟು ಹೊತ್ತು ಸಕ್ಕರೆ ಕಾಯಿಲೆಯವರು ಖಾಲಿ ಹೊಟ್ಟೆಯಲ್ಲಿರಬಹುದೇ? ಆ ದಿನ ಮಾತ್ರೆ ಕೊಡಬೇಕೇ, ಬೇಡವೇ?


ಉತ್ತರ: ಅರಿವಳಿಕೆ ವೈದ್ಯ

ಈ ಪ್ರಶ್ನೆ ನನ್ನ ವಿಭಾಗಕ್ಕೆ ಸೇರಿದ್ದರಿಂದ ಉತ್ತರಿಸುತ್ತೇನೆ. ಸಾಮಾನ್ಯ ನಿಯಮದಂತೆ ಲಘು ಆಹಾರಕ್ಕೂ ಅರಿವಳಿಕೆಗೂ ನಡುವೆ 6 ಗಂಟೆ, ಎಣ್ಣೆ ತುಪ್ಪ ಮಾಂಸದ ಭಾರಿ ಊಟವಾದರೆ 8 ಗಂಟೆ ಅಥವಾ ಅದಕ್ಕೂ ಹೆಚ್ಚು, ತಿಳಿಯಾದ ನೀರಿಗೆ 2 ಗಂಟೆಯ ಅಂತರ ಸಾಕು. ಹಾಲು, ಹಾಲು ಹಾಕಿದ ಕಾಫಿ, ಮಜ್ಜಿಗೆ, ರಾಗಿ ಮಾಲ್ಟ್ ಇವೆಲ್ಲ ಲೋಟದಲ್ಲಿ ಕುಡಿಯುವಂತಹವಾದರೂ ನಮ್ಮ ಲೆಕ್ಕದಲ್ಲಿ ಆಹಾರವೇ. “ಊಟ ಮಾಡಿಲ್ಲ ಡಾಕ್ಟ್ರೇ, ಬರೀ ಒಂದು ಲೋಟ ಹಾಲು” ಎಂಬ ಮಾತಿನಿಂದ ಶಸ್ತ್ರಚಿಕಿತ್ಸೆಗಳು ಮುಂದೂಡಲ್ಪಟ್ಟದ್ದನ್ನು ನಾವೆಲ್ಲ ಕಂಡಿದ್ದೇವೆ. ಶಸ್ತ್ರಚಿಕಿತ್ಸೆಯ ಸರದಿ ಹಿಂದೆ ಮುಂದೆ ಆಗುವುದರಿಂದ ಆಸ್ಪತ್ರೆಗಳು ಎಲ್ಲರಿಗೂ ಒಂದೇ ಸಮಯ ಹೇಳಿಬಿಡುತ್ತವೆ. ನೀವಾಗಿಯೇ ಅದನ್ನು ಬದಲಿಸಬೇಡಿ. ಅರಿವಳಿಕೆ ತಪಾಸಣೆಯ ದಿನ ಸರದಿ ಎಷ್ಟನೆಯದೆಂದು ಕೇಳಿ, ಮಧ್ಯಾಹ್ನವೆಂದಾದರೆ ಬೆಳಿಗ್ಗೆ ನೀರು ಕುಡಿಯಬಹುದೇ ಎಂದು ವಿಚಾರಿಸಿ. ಸಕ್ಕರೆ ಕಾಯಿಲೆಯವರನ್ನು ಮೊದಲ ಸರದಿಗೆ ಹಾಕುವುದು ಒಳ್ಳೆಯ ರೂಢಿ, ಅದನ್ನು ಕೇಳಲು ಸಂಕೋಚ ಬೇಡ. ಜಠರ ನಿಧಾನವಾಗಿ ಖಾಲಿಯಾಗುವ ಸಕ್ಕರೆ ರೋಗಿಗಳಿಗೆ ಈ ಅಂತರವನ್ನು ನಾವು ಹೆಚ್ಚಿಸುವುದೂ ಉಂಟು.

ಮಾತ್ರೆಗಳ ವಿಷಯ ಇದಕ್ಕಿಂತ ಮುಖ್ಯ. ಉಪವಾಸದಲ್ಲಿರುವಾಗ ಸಕ್ಕರೆಯ ಮಾತ್ರೆ ಕೊಟ್ಟರೆ ಕೆಲವು ಬಗೆಯ ಮಾತ್ರೆಗಳಿಂದ ಸಕ್ಕರೆ ಅಪಾಯಕಾರಿಯಾಗಿ ಇಳಿಯುತ್ತದೆ, ಆದ್ದರಿಂದ ಆ ದಿನ ಬೆಳಿಗ್ಗೆ ಅವನ್ನು ಸಾಮಾನ್ಯವಾಗಿ ತಡೆಯುತ್ತೇವೆ. ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ, ಮೂತ್ರದ ಮೂಲಕ ಸಕ್ಕರೆಯನ್ನು ಹೊರಹಾಕುವ ಮಾತ್ರೆಗಳನ್ನಂತೂ ಶಸ್ತ್ರಚಿಕಿತ್ಸೆಗೆ ಕನಿಷ್ಠ 3 ದಿನ ಮೊದಲೇ ನಿಲ್ಲಿಸಬೇಕಾಗುತ್ತದೆ. ಅವನ್ನು ನುಂಗುತ್ತಲೇ ಉಪವಾಸವಿದ್ದರೆ, ಗ್ಲೂಕೋಮೀಟರ್‌ನಲ್ಲಿ ಸಕ್ಕರೆ ಹೆಚ್ಚೇನೂ ಕಾಣದಿದ್ದರೂ ರಕ್ತ ಆಮ್ಲೀಯವಾಗುವ ಗಂಭೀರ ಸ್ಥಿತಿ ಬರಬಹುದು. ಅದರ ಲಕ್ಷಣಗಳೂ ವಾಂತಿ, ಹೊಟ್ಟೆನೋವು, ಸುಸ್ತು ಇವೇ ಆಗಿರುವುದರಿಂದ ಆಪರೇಷನ್‌ನಿಂದಾದದ್ದೆಂದು ತಪ್ಪು ತಿಳಿಯುವ ಸಂಭವವಿದೆ. ಈಗ ಈ ಮಾತ್ರೆಗಳು ಮೆಟ್‌ಫಾರ್ಮಿನ್ ಜೊತೆ ಒಂದೇ ಗುಳಿಗೆಯಲ್ಲಿ ಸೇರಿ ಬರುತ್ತವೆ, ಆದ್ದರಿಂದ ಹೆಸರು ನೋಡಿದರೆ ಗೊತ್ತಾಗುವುದಿಲ್ಲ. ನಿಮ್ಮ ಅತ್ತೆಯವರ ಶಸ್ತ್ರಚಿಕಿತ್ಸೆ ಮುಂದಿನ ವಾರವೇ ಇರುವುದರಿಂದ, ತಡಮಾಡದೆ ಅವರ ಎಲ್ಲ ಮಾತ್ರೆಗಳ ಸ್ಟ್ರಿಪ್ಪುಗಳನ್ನು ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ವೈದ್ಯರಿಗೆ ತೋರಿಸಿ, ಯಾವುದನ್ನು ಎಂದು ನಿಲ್ಲಿಸಬೇಕು, ಊಟ ಆರಂಭವಾದ ಮೇಲೆ ಎಂದು ಮತ್ತೆ ಕೊಡಬೇಕು ಎಂಬುದನ್ನು ಅವರಿಂದಲೇ ಬರೆಸಿಕೊಳ್ಳಿ. ಮೂತ್ರದಲ್ಲಿ ಸಕ್ಕರೆ ಹೊರಹಾಕುವ ಮಾತ್ರೆಯನ್ನು ನಿಲ್ಲಿಸಿದ್ದರೆ, ಊಟ ಪೂರ್ತಿಯಾಗಿ ಸೇರುವವರೆಗೆ ಮನೆಯಲ್ಲಿ ಉಳಿದ ಸ್ಟ್ರಿಪ್ಪು ಇದೆಯೆಂದು ಅದನ್ನು ಮತ್ತೆ ಆರಂಭಿಸಬೇಡಿ.